ಕಡಿದ ನರ ಮತ್ತೆ ಚಿಗುರುವುದು ಹೇಗೆ?

ಅಡಿಕೆ ಸುಲಿಯುವ ಮೆಟ್ಟುಗತ್ತಿ, ಕಳೆ ಸವರುವ ಕತ್ತಿ, ಮರಗಸಿಯ ಮಚ್ಚು, ದೋಟಿಯ ತುದಿಯ ಕುಡುಗೋಲು - ನಮ್ಮ ಕಸುಬಿನಲ್ಲಿ ಹರಿತವಿಲ್ಲದ ಆಯುಧ ಅಪರೂಪ. ಯಾರ ಕೈಗೂ ಗಾಯವಾಗದೆ ಒಂದು ಸುಗ್ಗಿ ಮುಗಿಯಿತೆಂದರೆ ಅದೇ ಪುಣ್ಯ. ಹೆಚ್ಚಿನ ಗಾಯಗಳು ವಾರ ಹತ್ತು ದಿನಗಳಲ್ಲಿ ಮಾಗಿ ಮರೆತುಹೋಗುತ್ತವೆ. ಆದರೆ ಕೆಲವು ಗಾಯಗಳ ಕಥೆ ಬೇರೆ. ಹೊಲಿಗೆ ಬಿಚ್ಚಿ, ಚರ್ಮ ಕೂಡಿಕೊಂಡ ಮೇಲೂ ಬೆರಳು ಜೋಮು ಹಿಡಿದಂತೆಯೇ ಇರುತ್ತದೆ. ಅಡಿಕೆಯನ್ನು ಹಿಡಿದರೆ ಹಿಡಿದದ್ದು ತಿಳಿಯುವುದಿಲ್ಲ. ಹೆಬ್ಬೆರಳ ಬುಡದ ಮಾಂಸ ದಿನೇ ದಿನೇ ಇಳಿದುಹೋಗುತ್ತದೆ.

ಆಗ ಕೆಲವರು "ನರ ಕಡಿದಿದೆ, ಇನ್ನು ಅಷ್ಟೇ" ಎಂದು ಕೈಚೆಲ್ಲುತ್ತಾರೆ. ಇನ್ನು ಕೆಲವರು "ಕಾಲ ಕಳೆದಂತೆ ತಾನಾಗಿ ಸರಿಹೋಗುತ್ತದೆ" ಎಂದು ವರ್ಷಗಟ್ಟಲೆ ಕಾಯುತ್ತಾರೆ. ಈ ಎರಡು ಮಾತುಗಳೂ ಸರಿಯಲ್ಲ. ಕೈಕಾಲುಗಳ ಕಡಿದ ನರ ಮತ್ತೆ ಬೆಳೆಯಬಲ್ಲದು. ಆದರೆ ಆ ಬೆಳವಣಿಗೆಗೆ ಒಂದು ವೇಗವುಂಟು, ಒಂದು ಗಡುವೂ ಉಂಟು. ಈ ಲೆಕ್ಕವನ್ನು ತಿಳಿದಿದ್ದರೆ ನಮ್ಮ ಅಥವಾ ನಮ್ಮ ತೋಟದಲ್ಲಿ ದುಡಿಯುವವರ ಒಂದು ಕೈಯನ್ನು ಉಳಿಸಿಕೊಳ್ಳಬಹುದು. ಆದುದರಿಂದ ಈ ಸಂಚಿಕೆಯಲ್ಲಿ ಬೆಳೆಯ ವಿಷಯವನ್ನು ಸ್ವಲ್ಪ ಬದಿಗಿಟ್ಟು ನರದ ವಿಷಯವನ್ನು ಸದಸ್ಯ ಬಂಧುಗಳ ಮುಂದಿಡುತ್ತಿದ್ದೇವೆ.

ನರವೆಂದರೆ ಯಾವುದು?

ಆಡುಮಾತಿನಲ್ಲಿ ನಾವು ಮೂರು ಬೇರೆ ಬೇರೆ ವಸ್ತುಗಳನ್ನು ನರವೆಂದು ಕರೆಯುತ್ತೇವೆ. ಮುಂಗೈ ಮೇಲೆ ನೀಲಿಯಾಗಿ ಉಬ್ಬಿ ಕಾಣುವುದು ರಕ್ತನಾಳ. ಮುಷ್ಟಿ ಬಿಗಿದಾಗ ಮಣಿಕಟ್ಟಿನಲ್ಲಿ ಹಗ್ಗದಂತೆ ಸೆಟೆಯುವುದು ಸ್ನಾಯುವನ್ನು ಮೂಳೆಗೆ ಕಟ್ಟಿರುವ ರಜ್ಜು. ಇವೆರಡೂ ನಿಜವಾದ ನರಗಳಲ್ಲ. ನಿಜವಾದ ನರವು ಇವುಗಳ ನಡುವೆ ಅಡಗಿರುವ, ಬೆಳ್ಳನೆಯ, ಮೆತ್ತನೆಯ ದಾರ. ಸ್ನಾಯುವಿಗೆ ಅಪ್ಪಣೆಯನ್ನು ಒಯ್ಯುವುದು, ಚರ್ಮದಿಂದ ಸುದ್ದಿಯನ್ನು ತರುವುದು ಇದರ ಕೆಲಸ. ಮೊಣಕೈಯ ಒಳಬದಿಯ ಮೂಳೆ ಬಾಗಿಲಿಗೆ ತಗುಲಿದಾಗ ಕಿರುಬೆರಳಿನವರೆಗೆ ಮಿಂಚು ಹೊಡೆದಂತಾಗುವುದನ್ನು ಎಲ್ಲರೂ ಅನುಭವಿಸಿದ್ದೇವೆ. ಅದು ನಿಜವಾದ ನರ.

ಈ ದಾರವನ್ನು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗೆ ಸಾವಿರಾರು ಎಳೆಗಳು ಕಾಣುತ್ತವೆ. ಅವೇ ನರತಂತುಗಳು. ಮುಖ್ಯವಾದ ಸಂಗತಿಯೆಂದರೆ, ಪ್ರತಿಯೊಂದು ಎಳೆಯೂ ಒಂದೇ ಜೀವಕೋಶದ ಬಾಲ. ಆ ಕೋಶದ ಒಡಲು ಕೈಯಲ್ಲಿಯೂ ಇಲ್ಲ, ಕಾಲಿನಲ್ಲಿಯೂ ಇಲ್ಲ. ಅದು ಬೆನ್ನುಹುರಿಯ ಒಳಗೆ ಅಥವಾ ಅದರ ಪಕ್ಕದ ಗಂಟಿನಲ್ಲಿದೆ. ಪಾದದ ಸ್ನಾಯುವಿಗೆ ಹೋಗುವ ಎಳೆ ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಅದರ ಒಡಲಾದರೋ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ದೊಡ್ಡದಲ್ಲ. ಆ ಒಡಲನ್ನು ಒಂದು ಅಂಗುಲದ ಅಡಿಕೆಯಷ್ಟು ಹಿಗ್ಗಿಸಿದೆವೆಂದು ಭಾವಿಸಿದರೆ ಅದಕ್ಕೆ ಅಂಟಿದ ಎಳೆ ೨೫೦ ಮೀಟರ್ ಉದ್ದವಾಗುತ್ತದೆ!

ಇಷ್ಟು ಉದ್ದದ ಎಳೆಯನ್ನು ಸಾಕುವ ಹೊಣೆಯೆಲ್ಲ ಆ ಸಣ್ಣ ಒಡಲಿನದು. ಎಳೆಗೆ ಬೇಕಾದ ಸಸಾರಜನಕ, ಅಂದರೆ ಪ್ರೋಟೀನು, ಬಹುಮಟ್ಟಿಗೆ ಒಡಲಿನಲ್ಲಿಯೇ ತಯಾರಾಗಿ ಬರಬೇಕು. ಮನೆಯ ಕಣಜ ಘಟ್ಟದ ಮೇಲೆ, ಉಣ್ಣುವವರು ಘಟ್ಟದ ಕೆಳಗೆ ಎಂಬಂಥ ಸ್ಥಿತಿ. ಹೀಗಿರುವಲ್ಲಿ ಸಾಗಣೆಯೇ ಪ್ರಾಣ.

ಸರಕು ಸಾಗುವ ಬಗೆ

ನರತಂತುವಿನೊಳಗೆ ಸರಕು ಸಾಗುತ್ತದೆಂಬುದಕ್ಕೆ ಗಟ್ಟಿಯಾದ ಪುರಾವೆ ದೊರೆತದ್ದು ೧೯೪೮ರಲ್ಲಿ. ಅಮೆರಿಕದ ಪಾಲ್ ವೈಸ್ ಮತ್ತು ಹೆಲೆನ್ ಹಿಸ್ಕೋ ಎಂಬವರು ಪ್ರಾಣಿಗಳ ನರವನ್ನು ಒಂದು ಕಡೆ ಬಿಗಿಯಾಗಿ ಕಟ್ಟಿ ಕೆಲವು ವಾರ ಬಿಟ್ಟು ನೋಡಿದರು. ಕಟ್ಟಿನಿಂದ ಮೇಲೆ, ಬೆನ್ನುಹುರಿಯ ಕಡೆಗೆ, ಎಳೆಗಳು ಊದಿಕೊಂಡಿದ್ದವು. ಕೆಳಗೆ ಸೊರಗಿದ್ದವು. ಕಟ್ಟು ಬಿಚ್ಚಿದಾಗ ತಡೆದು ನಿಂತಿದ್ದ ಸರಕು ದಿನಕ್ಕೆ ಒಂದೆರಡು ಮಿಲಿಮೀಟರ್ ವೇಗದಲ್ಲಿ ಕೆಳಕ್ಕೆ ಹರಿಯತೊಡಗಿತು. ಗೂಟಿ ಕಟ್ಟುವಾಗ ಕೊಂಬೆಯ ತೊಗಟೆಯನ್ನು ಉಂಗುರದಂತೆ ತೆಗೆದರೆ, ಎಲೆಯಿಂದ ಇಳಿದು ಬರುವ ಆಹಾರ ಉಂಗುರದ ಮೇಲಂಚಿನಲ್ಲಿ ತಡೆದು ಅಲ್ಲಿ ಗಂಟಾಗುವುದನ್ನು ನಾವು ನೋಡಿದ್ದೇವೆ. ನರದಲ್ಲಿ ಕಂಡದ್ದೂ ಅದೇ ಬಗೆಯದು.

ಮುಂದೆ ಇನ್ನೂ ವೇಗದ ಸಾಗಣೆಯೊಂದು ಇರುವುದು ಗೊತ್ತಾಯಿತು. ದಿನಕ್ಕೆ ಸುಮಾರು ೪೦೦ ಮಿಲಿಮೀಟರ್! ಅಂದರೆ ಸೊಂಟದ ಬಳಿ ಹೊರಟ ಸರಕು ಪಾದ ಮುಟ್ಟಲು ಎರಡೂವರೆ ದಿನ ಸಾಕು. ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿದ ಸರಕು ಈ ವೇಗದ ಗಾಡಿಯಲ್ಲಿ ಹೋಗುತ್ತದೆ. ಎಳೆಯ ಕಟ್ಟಡಕ್ಕೆ ಬೇಕಾದ ತೊಲೆ ಜಂತಿಗಳಂಥ ದಿನಸುಗಳು ಮಾತ್ರ ದಿನಕ್ಕೆ ಕೆಲವೇ ಮಿಲಿಮೀಟರ್ ಸಾಗುವ ನಿಧಾನ ಗಾಡಿಯಲ್ಲಿ ಹೋಗುತ್ತವೆ. ಇದನ್ನು ನೆನಪಿನಲ್ಲಿಡಬೇಕು, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

ಗಾಡಿ ಓಡುವ ಹಳಿಗಳೆಂದರೆ ಎಳೆಯ ಉದ್ದಕ್ಕೂ ಇರುವ ಅತಿ ಸೂಕ್ಷ್ಮ ನಳಿಕೆಗಳು. ಎಳೆಯುವ ಎತ್ತು ಯಾವುದೆಂಬುದು ೧೯೮೫ರಲ್ಲಿ ತಿಳಿಯಿತು. ಸ್ಕ್ವಿಡ್ ಎಂಬ ಕಡಲಜೀವಿಯ ಅತಿ ದಪ್ಪ ನರತಂತುವಿನಲ್ಲಿ ಹುಡುಕಿದ ವೇಲ್, ರೀಸ್ ಮತ್ತು ಶೀಟ್ಸ್ ಎಂಬ ವಿಜ್ಞಾನಿಗಳು ಕೈನೆಸಿನ್ ಎಂಬ ಸಸಾರಜನಕವನ್ನು ಕಂಡುಹಿಡಿದರು. ಅದು ಚೀಲವನ್ನು ಹೊತ್ತು ನಳಿಕೆಯ ಮೇಲೆ ಅಕ್ಷರಶಃ ಹೆಜ್ಜೆಯಿಟ್ಟು ನಡೆಯುತ್ತದೆ. ಒಂದೊಂದು ಹೆಜ್ಜೆಯೂ ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಎಂಟು ಭಾಗದಷ್ಟು. ಕೈನೆಸಿನ್ ಒಡಲಿನಿಂದ ತುದಿಗೆ ಹೋಗುವುದು. ತುದಿಯಿಂದ ಒಡಲಿಗೆ ಹಿಂದಿರುಗುವ ಗಾಡಿಗೆ ಡೈನೀನ್ ಎಂಬ ಬೇರೆ ಎತ್ತು ಉಂಟು. ಸವೆದ ಸಾಮಾನು ಮಾತ್ರವಲ್ಲ, ತುದಿಯ ಕ್ಷೇಮಸಮಾಚಾರವೂ ಇದರ ಮೂಲಕವೇ ಒಡಲಿಗೆ ತಲುಪುತ್ತದೆ. ನರದ ಬೆಳವಣಿಗೆಗೆ ಪೋಷಕವಾದ ಇಂಥ ಒಂದು ವಸ್ತುವನ್ನು ಕಂಡುಹಿಡಿದುದಕ್ಕಾಗಿ ರೀಟಾ ಲೆವಿ ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ ೧೯೮೬ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಹಳಿ ಕಿತ್ತರೆ ಗಾಡಿ ನಿಲ್ಲುತ್ತದೆ. ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಕೆಂಪು ಹಳದಿ ಹೂ ಬಿಡುವ ಅಗ್ನಿಶಿಖೆಯ ಗಡ್ಡೆಯಲ್ಲಿರುವ ಕಾಲ್ಚಿಸಿನ್ ಎಂಬ ವಿಷವು ಈ ನಳಿಕೆಗಳನ್ನೇ ಕೆಡಿಸುವಂಥದು. ನರದ ಸಾಗಣೆಯನ್ನು ನಿಲ್ಲಿಸಿ ನೋಡುವ ಪ್ರಯೋಗಗಳಲ್ಲಿ ವಿಜ್ಞಾನಿಗಳು ಬಳಸಿದ್ದು ಇದನ್ನೇ. ಮಕ್ಕಳು ಆ ಗಡ್ಡೆಯನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳಲು ಇದೂ ಒಂದು ಕಾರಣ.

ಕಡಿದಾಗ ಏನಾಗುತ್ತದೆ?

ಇಷ್ಟು ತಿಳಿದ ಮೇಲೆ ಗಾಯದ ಮಾತಿಗೆ ಬರೋಣ. ಮಣಿಕಟ್ಟಿನಲ್ಲಿ ಕತ್ತಿ ತಗುಲಿ ನರ ತುಂಡಾಯಿತು ಎನ್ನಿ. ಬೆನ್ನುಹುರಿಯ ಕಡೆಯ ತುಂಡಿಗೆ ಒಡಲಿನ ಸಂಬಂಧವಿದೆ, ಅದು ಬದುಕುತ್ತದೆ. ಬೆರಳಿನ ಕಡೆಯ ತುಂಡಿಗೆ ಸಾಗಣೆ ನಿಂತಿತು, ಅದು ಸಾಯುತ್ತದೆ. ಗಾಯವೇ ಆಗದ ಬೆರಳ ತುದಿಯವರೆಗೂ ಆ ಎಳೆಗಳು ಚೂರು ಚೂರಾಗಿ ಕರಗುತ್ತವೆ. ಇದನ್ನು ಮೊದಲು ವಿವರಿಸಿದವನು ಇಂಗ್ಲೆಂಡಿನ ಆಗಸ್ಟಸ್ ವಾಲರ್. ೧೮೫೦ರಲ್ಲಿ ಅವನು ಕಪ್ಪೆಯ ನಾಲಗೆಯ ನರಗಳನ್ನು ಕಡಿದು, ದಿನದಿನವೂ ಸೂಕ್ಷ್ಮದರ್ಶಕದಲ್ಲಿ ನೋಡಿ, ಕಡಿದ ಜಾಗದಿಂದ ಆಚೆಯ ಎಳೆಗಳೆಲ್ಲ ಕೆಡುವುದನ್ನು ತೋರಿಸಿದನು.

ಬಹಳ ಕಾಲ ಇದನ್ನು ನೀರಿಲ್ಲದೆ ಒಣಗುವ ಕೊಂಬೆಯಂತೆ ಸಹಜವಾದ ಸಾವೆಂದೇ ತಿಳಿಯಲಾಗಿತ್ತು. ಆದರೆ ೧೯೮೯ರಲ್ಲಿ ವಿಚಿತ್ರವಾದ ಒಂದು ಇಲಿಯ ತಳಿಯ ಸುದ್ದಿ ಹೊರಬಿತ್ತು. ಅದರ ನರವನ್ನು ಕಡಿದರೂ ಆಚೆಯ ತುಂಡು ವಾರಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹಾಗಾದರೆ ಎಳೆ ತಾನಾಗಿ ಒಣಗುವುದಲ್ಲ, ಒಳಗಿರುವ ಯಾವುದೋ ವ್ಯವಸ್ಥೆ ಅದನ್ನು ಕೆಡಹುತ್ತದೆ ಎಂದಾಯಿತು. ಒಡಲಿನಿಂದ ಬರುವ ಒಂದು ಬಗೆಯ ಸಸಾರಜನಕ ಬಹು ಬೇಗ ಸವೆಯುವಂಥದು, ಅದರ ಸರಬರಾಜು ನಿಂತರೆ ಎಳೆ ಕೆಡತೊಡಗುತ್ತದೆ ಎಂಬುದನ್ನು ೨೦೧೦ರಲ್ಲಿ ಇಂಗ್ಲೆಂಡಿನ ಗಿಲಿ ಮತ್ತು ಕೋಲ್ಮನ್ ತೋರಿಸಿಕೊಟ್ಟರು. ಸಾಗಣೆ ಬರುತ್ತಿರುವುದೇ ಎಳೆಗೆ "ನೀನು ಬದುಕಿರು" ಎಂಬ ಅಪ್ಪಣೆ. ಅದು ನಿಂತ ಕೂಡಲೇ ಕೆಡಹುವ ಕೆಲಸ ಆರಂಭ.

ಕೆಟ್ಟ ಎಳೆಯ ಸುತ್ತ ಶ್ವಾನ್ ಕೋಶಗಳೆಂಬವು ಇರುತ್ತವೆ. ಇವುಗಳಿಗೂ ನಾಯಿಗೂ ಸಂಬಂಧವಿಲ್ಲ. ಥಿಯೋಡರ್ ಶ್ವಾನ್ ಎಂಬ ಜರ್ಮನ್ ವಿಜ್ಞಾನಿಯ ಹೆಸರು ಅದು. ನರ ಸ್ವಸ್ಥವಾಗಿರುವಾಗ ಎಳೆಗೆ ಕೊಬ್ಬಿನ ಕವಚ ಸುತ್ತುವುದು ಇವುಗಳ ಕೆಲಸ. ಎಳೆ ಸತ್ತಾಗ ಇವು ಸಾಯುವುದಿಲ್ಲ. ಕಸಬಳಿಯುವ ರಕ್ತಕಣಗಳ ಜೊತೆ ಸೇರಿ ಹಳೆಯ ಚೂರುಗಳನ್ನು ತೆಗೆದು, ಸಾಲಾಗಿ ನಿಂತು, ಹೊಸ ಎಳೆ ಬರಲು ದಾರಿ ಮಾಡಿಕೊಡುತ್ತವೆ. ಹಳೆಯ ಎಳೆ ಹೋದರೂ ಕೊಳವೆ ಉಳಿಯಿತು ಎನ್ನಬಹುದು.

ಮೋಟಿನಿಂದ ಚಿಗುರು

ಮುದಿ ಕಾಫಿ ಗಿಡವನ್ನು ಬುಡದಿಂದ ಒಂದಡಿ ಬಿಟ್ಟು ಕೊಯ್ದರೆ ಕೊಯ್ದ ಭಾಗ ಒಣಗುತ್ತದೆ, ಮೋಟಿನಿಂದ ಚಿಗುರು ಬರುತ್ತದೆ. ನರತಂತುವಿನದೂ ಇದೇ ರೀತಿ. ಒಡಲಿನ ಕಡೆಯ ತುಂಡಿನ ತುದಿಯಲ್ಲಿ ಚಿಗುರುಗಳು ಹುಟ್ಟುತ್ತವೆ. ಪ್ರತಿ ಚಿಗುರಿನ ತುದಿಯಲ್ಲಿಯೂ ಅಂಗೈ ಬೆರಳುಗಳಂತೆ ಹರಡಿದ ಒಂದು ಭಾಗವಿದ್ದು, ಅದು ತಡಕಾಡುತ್ತ ಮುಂದೆ ಸಾಗುತ್ತದೆ. ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್ ಇದನ್ನು ೧೮೯೦ರಲ್ಲಿ ವರ್ಣಿಸಿದನು. ಆದರೆ ಅವನು ನೋಡಿದ್ದು ಬಣ್ಣ ಹಾಕಿದ ಸತ್ತ ಅಂಗಾಂಶವನ್ನು. ೧೯೦೭ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ಚೂರನ್ನು ಒಂದು ತೊಟ್ಟು ದ್ರವದಲ್ಲಿ ಬದುಕಿಸಿಟ್ಟು, ನರತಂತು ಕಣ್ಣೆದುರಿಗೇ ಬೆಳೆಯುವುದನ್ನು ಕಂಡನು.

ಚಿಗುರಿಗೆ ಶ್ವಾನ್ ಕೋಶಗಳ ಸಾಲು ಸಿಕ್ಕಿದರೆ ಅದರ ಗುಂಟ ಇಳಿಯುತ್ತದೆ. ಕಡಿದ ತುದಿಗಳು ದೂರ ಸರಿದು ನಡುವೆ ಕಲೆ ಕಟ್ಟಿದ್ದರೆ ದಾರಿ ಸಿಗುವುದಿಲ್ಲ. ಆಗ ಚಿಗುರುಗಳು ಅಲ್ಲಿಯೇ ಸಿಕ್ಕು ಸಿಕ್ಕಾಗಿ ಗಂಟು ಕಟ್ಟುತ್ತವೆ. ಹಳೆಯ ಗಾಯದ ಕಲೆಯ ಮೇಲೆ ಬೆರಳಿಟ್ಟರೆ ಪ್ರಾಣ ಹೋದಂತೆ ನೋಯುವುದು ಎಷ್ಟೋ ಸಲ ಈ ಗಂಟಿನಿಂದ. ಆದುದರಿಂದಲೇ ಕಡಿದ ಎರಡು ತುದಿಗಳನ್ನು ಶಸ್ತ್ರವೈದ್ಯರು ಒಂದಕ್ಕೊಂದು ಎದುರಾಗಿಟ್ಟು ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯುವುದು. ಹೊಲಿದ ಮಾತ್ರಕ್ಕೆ ಹಳೆಯ ಎಳೆಗಳು ಅಂಟಿಕೊಳ್ಳುವುದಿಲ್ಲ. ಹೊಲಿಗೆಯಿಂದ ಆಗುವುದು ಕೊಳವೆಗೆ ಕೊಳವೆ ಜೋಡಿಸಿ ಚಿಗುರಿಗೆ ದಾರಿ ತೋರುವುದಷ್ಟೇ.

ಎಲ್ಲ ಪೆಟ್ಟೂ ಕಡಿತವಲ್ಲವೆಂಬುದನ್ನೂ ಹೇಳಬೇಕು. ಇಂಗ್ಲೆಂಡಿನ ಹರ್ಬರ್ಟ್ ಸೆಡನ್ ೧೯೪೩ರಲ್ಲಿ ನರದ ಪೆಟ್ಟನ್ನು ಮೂರು ಬಗೆಯಾಗಿ ವಿಂಗಡಿಸಿದನು. ಒತ್ತಡದಿಂದ ಕೆಲಸ ನಿಂತು ಎಳೆ ಮಾತ್ರ ಕೆಡದಿರುವುದು ಮೊದಲನೆಯದು; ಇದು ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಎಳೆ ತುಂಡಾಗಿ ಕೊಳವೆ ಉಳಿದಿರುವುದು ಎರಡನೆಯದು. ಇಲ್ಲಿ ಹೊಲಿಗೆಯಿಲ್ಲದೆಯೇ ಎಳೆ ಬೆಳೆದು ಬರುತ್ತದೆ. ನರ ಪೂರ್ತಿ ಕಡಿದುಹೋಗಿರುವುದು ಮೂರನೆಯದು. ಹರಿತವಾದ ಕತ್ತಿಯ ಗಾಯದ ಆಚೆ ಸ್ಪರ್ಶ ಹೋಗಿದ್ದರೆ, ಬೇರೆಂದು ತಿಳಿದುಬರುವವರೆಗೆ ಅದನ್ನು ಮೂರನೆಯದೆಂದೇ ಭಾವಿಸಬೇಕು.

ದಿನಕ್ಕೆ ಒಂದು ಮಿಲಿಮೀಟರ್

ಚಿಗುರಿನ ವೇಗ ಎಷ್ಟು? ಸರಾಸರಿ ದಿನಕ್ಕೆ ಒಂದು ಮಿಲಿಮೀಟರ್, ಅಂದರೆ ತಿಂಗಳಿಗೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು. ಎಳೆಯ ಕಟ್ಟಡದ ದಿನಸು ನಿಧಾನ ಗಾಡಿಯಲ್ಲಿ ಬರುತ್ತದೆಂದು ಮೇಲೆ ಹೇಳಿದೆವಷ್ಟೆ. ದಿನಸು ಬಂದಷ್ಟೇ ಮನೆ ಏಳುವುದು! ಯಾವ ಟಾನಿಕ್ಕೂ, ಯಾವ ಎಣ್ಣೆಯ ನೀವಿಕೆಯೂ ಈ ವೇಗವನ್ನು ಇಮ್ಮಡಿ ಮಾಡಲಾರದು.

ಈಗ ಲೆಕ್ಕ ಹಾಕೋಣ. ಮಣಿಕಟ್ಟಿನಿಂದ ಬೆರಳ ತುದಿಗೆ ಸುಮಾರು ೧೮ ಸೆಂಟಿಮೀಟರ್. ಅಂದರೆ ೧೮೦ ದಿನ. ಹೊಲಿಗೆಯ ಜಾಗವನ್ನು ದಾಟಲು ಇನ್ನೊಂದು ತಿಂಗಳು. ಒಟ್ಟು ಏಳು ತಿಂಗಳು. ಮೊಣಕೈ ಬಳಿ ಕಡಿದರೆ ಅಂಗೈಯ ಸಣ್ಣ ಸ್ನಾಯುಗಳನ್ನು ಮುಟ್ಟಲು ೩೦ ಸೆಂಟಿಮೀಟರ್, ಹನ್ನೊಂದು ತಿಂಗಳು. ಕಂಕುಳ ಹತ್ತಿರ ಕಡಿದರೆ ಹೆಚ್ಚುಕಡಿಮೆ ಎರಡು ವರ್ಷ.

ಇನ್ನು ಗಡುವಿನ ಮಾತು. ನರವಿಲ್ಲದ ಸ್ನಾಯು ಸೊರಗುತ್ತ ಹೋಗುತ್ತದೆ. ಒಂದರಿಂದ ಒಂದೂವರೆ ವರ್ಷದೊಳಗೆ ನರ ಮುಟ್ಟದಿದ್ದರೆ ಆ ಸ್ನಾಯು ನಾರಾಗಿ, ಆಮೇಲೆ ನರ ಬಂದರೂ ಕೆಲಸಕ್ಕೆ ಬಾರದಾಗುತ್ತದೆ. ಮೊಣಕೈ ಬಳಿ ನರ ಕಡಿದವನು ಆ ವಾರವೇ ಹೊಲಿಸಿಕೊಂಡರೆ ಹನ್ನೊಂದು ತಿಂಗಳಿಗೆ ನರ ಅಂಗೈ ಮುಟ್ಟುತ್ತದೆ; ಕೈ ಉಳಿಯುವ ಆಸೆಯುಂಟು. "ನೋಡೋಣ" ಎಂದು ಆರು ತಿಂಗಳು ಕಾದು ಹೊಲಿಸಿಕೊಂಡರೆ ಆರು ಮತ್ತು ಹನ್ನೊಂದು ಹದಿನೇಳು ತಿಂಗಳಾಯಿತು. ಗಡುವು ಮುಗಿಯುತ್ತ ಬಂತು. ಗಾಯ ಒಂದೇ, ವೈದ್ಯರು ಅವರೇ, ಕಳೆದದ್ದು ಕಾಲ ಮಾತ್ರ. ಈ ಲೇಖನದಲ್ಲಿ ಒಂದೇ ಸಂಗತಿಯನ್ನು ನೆನಪಿಡುವುದಾದರೆ ಇದನ್ನು ನೆನಪಿಡಬೇಕು. ಚರ್ಮದ ಸ್ಪರ್ಶ ಸ್ನಾಯುವಿಗಿಂತ ಹೆಚ್ಚು ಕಾಲ ಕಾಯುತ್ತದೆ. ಆದುದರಿಂದ ತಡವಾದವರೂ ವೈದ್ಯರನ್ನು ಕಾಣುವುದು ವ್ಯರ್ಥವಲ್ಲ.

ಬೆಳವಣಿಗೆ ನಡೆಯುತ್ತಿದೆಯೇ ಎಂದು ತಿಳಿಯಲು ಸುಲಭದ ಉಪಾಯವೊಂದುಂಟು. ನರದ ದಾರಿಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋದರೆ ಚಿಗುರು ಮುಟ್ಟಿರುವ ಜಾಗದಲ್ಲಿ ಬೆರಳ ಕಡೆಗೆ ಜುಮ್ಮೆನ್ನುತ್ತದೆ. ೧೯೧೫ರಲ್ಲಿ ಫ್ರಾನ್ಸಿನ ಟಿನೆಲ್ ಮತ್ತು ಜರ್ಮನಿಯ ಹಾಫ್‌ಮನ್ ಬೇರೆ ಬೇರೆಯಾಗಿ ಇದನ್ನು ಹೇಳಿದರು. ತಿಂಗಳಿಂದ ತಿಂಗಳಿಗೆ ಈ ಜುಮ್ಮು ಅಂಗುಲದಂತೆ ಕೆಳಗಿಳಿಯುತ್ತಿದ್ದರೆ ಶುಭಸೂಚನೆ. ಹಲವು ತಿಂಗಳು ಒಂದೇ ಕಡೆ ನಿಂತಿದ್ದರೆ ವೈದ್ಯರಿಗೆ ತಿಳಿಸಬೇಕು.

ಮರಳಿ ಬಂದ ಸ್ಪರ್ಶ ಮೊದಲಿನಂತೆಯೇ ಇರುತ್ತದೆಂದು ಹೇಳಲಾಗದು. ಲಂಡನ್ನಿನ ವೈದ್ಯ ಹೆನ್ರಿ ಹೆಡ್ ೧೯೦೩ರಲ್ಲಿ ತನ್ನ ಎಡಗೈಯ ಚರ್ಮದ ನರವನ್ನು ತಾನೇ ಕೇಳಿಕೊಂಡು ಕಡಿಸಿ, ಮತ್ತೆ ಹೊಲಿಸಿಕೊಂಡನು! ಕೇಂಬ್ರಿಜ್ಜಿನ ರಿವರ್ಸ್ ಎಂಬ ಗೆಳೆಯನು ನಾಲ್ಕು ವರ್ಷಗಳ ಕಾಲ ಆ ಕೈಯನ್ನು ಸೂಜಿ, ಹತ್ತಿ, ಬಿಸಿ, ತಂಪುಗಳಿಂದ ಪರೀಕ್ಷಿಸಿದನು. ಮೊದಲು ಬಂದದ್ದು ಒರಟಾದ ನೋವು. ನವಿರಾದ ಸ್ಪರ್ಶ ಬಂದದ್ದು ಬಹಳ ತಡವಾಗಿ. ಚಿಗುರುಗಳು ದಾರಿ ತಪ್ಪಿ ಬೇರೆ ಕೊಳವೆಗೆ ಹೊಕ್ಕಾಗ ಒಂದು ಬೆರಳು ಮುಟ್ಟಿದರೆ ಇನ್ನೊಂದು ಬೆರಳಿನಲ್ಲಿ ತಿಳಿದಂತಾಗುವುದೂ ಉಂಟು. ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಮಿದುಳಿಗೆ ಹೊಸದಾಗಿ ಪಾಠ ಹೇಳಿಸಬೇಕು. ಮಕ್ಕಳು ಇದನ್ನು ಬೇಗ ಕಲಿಯುತ್ತಾರೆ, ವಯಸ್ಸಾದವರು ನಿಧಾನವಾಗಿ.

ಅದೇ ದಾರಿಯಲ್ಲಿ ಶತ್ರು

ಒಡಲಿಗೆ ಹಿಂದಿರುಗುವ ಗಾಡಿಯ ಬಗ್ಗೆ ಹೇಳಿದೆವು. ಈ ಗಾಡಿಯನ್ನು ಕದ್ದು ಹತ್ತುವವರೂ ಇದ್ದಾರೆ. ಹುಚ್ಚುನಾಯಿ ಕಚ್ಚಿದಾಗ ಜೊಲ್ಲಿನಲ್ಲಿರುವ ವಿಷಾಣು ನರದ ತುದಿಯನ್ನು ಹೊಕ್ಕು, ಅದೇ ಗಾಡಿಯಲ್ಲಿ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಸೇರುತ್ತದೆ. ಮುಖಕ್ಕೆ ಕಚ್ಚಿದರೆ ದಾರಿ ಹತ್ತಿರ, ಪಾದಕ್ಕೆ ಕಚ್ಚಿದರೆ ದೂರ. ಸಾಮಾನ್ಯವಾಗಿ ಎರಡು ಮೂರು ತಿಂಗಳ ಬಿಡುವು ಸಿಗುತ್ತದೆ. ಕೆಲವೊಮ್ಮೆ ಒಂದೇ ವಾರ. ೧೮೮೫ರಲ್ಲಿ ಲೂಯಿ ಪಾಶ್ಚರ್ ಕಚ್ಚಿದ ಮೇಲೂ ಲಸಿಕೆ ಕೊಟ್ಟು ಬದುಕಿಸಲು ಸಾಧ್ಯವಾದದ್ದು ಈ ಬಿಡುವಿನಿಂದಲೇ. ರೋಗದ ಲಕ್ಷಣ ಕಂಡ ಮೇಲೆ ಉಳಿಯುವವರಿಲ್ಲ ಎಂದೇ ತಿಳಿಯಬೇಕು. ಕಚ್ಚಿದ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ, ಲಸಿಕೆಯ ಎಲ್ಲ ಸರದಿಗಳನ್ನೂ ತಪ್ಪದೆ ಪೂರೈಸತಕ್ಕದ್ದು.

ಮಣ್ಣು ಗೊಬ್ಬರಗಳಲ್ಲಿರುವ ಧನುರ್ವಾಯುವಿನ ರೋಗಾಣು ಗಾಯದಲ್ಲಿಯೇ ಉಳಿದರೂ ಅದರ ವಿಷ ಇದೇ ದಾರಿಯಲ್ಲಿ ಬೆನ್ನುಹುರಿಗೆ ಏರುತ್ತದೆ. ಸರ್ಪಸುತ್ತು ಇದಕ್ಕೆ ತಿರುಗಾ ಮುರುಗಾ. ಬಾಲ್ಯದ ಸೀತಾಳೆ ಸಿಡುಬಿನ ವಿಷಾಣು ಬೆನ್ನುಹುರಿಯ ಪಕ್ಕದ ಗಂಟಿನಲ್ಲಿ ವರ್ಷಗಟ್ಟಲೆ ಅಡಗಿದ್ದು, ಒಂದು ದಿನ ಎಳೆಯ ಗುಂಟ ಚರ್ಮಕ್ಕೆ ಇಳಿಯುತ್ತದೆ. ಗುಳ್ಳೆಗಳು ಸೊಂಟದ ಒಂದೇ ಬದಿಯಲ್ಲಿ ಪಟ್ಟಿಯಂತೆ ಏಳುವುದು ಆ ನರದ ಹರವು ಅಷ್ಟೇ ಆದುದರಿಂದ.

ಸಕ್ಕರೆ ಕಾಯಿಲೆಯವರಿಗೂ ಇಲ್ಲಿ ಒಂದು ಪಾಠವಿದೆ. ಆ ಕಾಯಿಲೆಯಲ್ಲಿ ಮೊದಲು ಕೆಡುವುದು ಅತಿ ಉದ್ದದ ಎಳೆಗಳ ತುದಿ. ಹಾಗಾಗಿ ಜೋಮು ಪಾದದ ಬೆರಳಿನಿಂದಲೇ ಆರಂಭವಾಗುತ್ತದೆ. ಅಂಥವರು ಬರಿಗಾಲಿನಲ್ಲಿ ತೋಟಕ್ಕೆ ಇಳಿಯಬಾರದು. ಪ್ರತಿ ಸಂಜೆ ಪಾದದ ಅಡಿಯನ್ನು ಕಣ್ಣಿನಿಂದಲೇ ನೋಡಿಕೊಳ್ಳಬೇಕು.

ಬೆನ್ನುಹುರಿ ಬೇರೆ

ಇದುವರೆಗೆ ಹೇಳಿದ ಚಿಗುರುವ ಗುಣ ಕೈಕಾಲುಗಳ ನರಕ್ಕೆ ಮಾತ್ರ. ಬೆನ್ನುಹುರಿಯ ಒಳಗಿನ ಎಳೆ ಕಡಿದರೆ ಹಾಗೆ ಚಿಗುರಿ ದಾರಿ ಸೇರುವುದಿಲ್ಲ. ಎಳೆಗೆ ಶಕ್ತಿಯೇ ಇಲ್ಲವೆಂದು ಬಹುಕಾಲ ನಂಬಲಾಗಿತ್ತು. ೧೯೮೧ರಲ್ಲಿ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಡೇವಿಡ್ ಮತ್ತು ಅಗ್ವಾಯೊ ಇಲಿಯ ಕಾಲಿನ ನರದ ತುಂಡೊಂದನ್ನು ಬೆನ್ನುಹುರಿಗೆ ಜೋಡಿಸಿದಾಗ, ಅಲ್ಲಿಯ ಎಳೆಗಳು ಆ ತುಂಡಿನೊಳಗೆ ಸುಮಾರು ಮೂರು ಸೆಂಟಿಮೀಟರ್ ಬೆಳೆದವು. ಕೊರತೆ ಬೀಜದ್ದಲ್ಲ, ನೆಲದ್ದು ಎಂದಾಯಿತು. ಬೆನ್ನುಹುರಿಯ ಕೊಬ್ಬಿನ ಕವಚದಲ್ಲಿಯೇ ಬೆಳವಣಿಗೆಯನ್ನು ತಡೆಯುವ ವಸ್ತುವಿದೆಯೆಂದು ೧೯೮೮ರಲ್ಲಿ ಜ್ಯೂರಿಕ್ಕಿನ ಮಾರ್ಟಿನ್ ಶ್ವಾಬ್ ಮತ್ತು ಸಂಗಡಿಗರು ತೋರಿಸಿದರು. ಸಂಶೋಧನೆ ಇಂದಿಗೂ ನಡೆದಿದೆ. ಆದರೆ ಕಡಿದ ಬೆನ್ನುಹುರಿಯನ್ನು ಮೊದಲಿನಂತೆ ಮಾಡುವ ಚಿಕಿತ್ಸೆ ಇನ್ನೂ ನಮ್ಮ ಕೈಗೆ ಬಂದಿಲ್ಲ. ಫೈಬರ್ ದೋಟಿ ಬಂದಿದ್ದರೂ ಮರ ಹತ್ತುವುದು ನಮ್ಮಲ್ಲಿ ನಿಂತಿಲ್ಲ. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಮಡಚಿ ಎತ್ತಿದರೆ, ಜಜ್ಜಿದ್ದ ಬೆನ್ನುಹುರಿ ಪೂರ್ತಿ ಕಡಿದುಹೋಗಬಹುದು. ಕುತ್ತಿಗೆ ಅಲುಗದಂತೆ ಒಬ್ಬರು ಹಿಡಿದು, ದಿಮ್ಮಿ ಉರುಳಿಸುವಂತೆ ಮೈಯನ್ನು ಒಟ್ಟಾಗಿ ಹೊರಳಿಸಿ, ಹಲಗೆಯ ಮೇಲೆ ಮಲಗಿಸಿ ಸಾಗಿಸತಕ್ಕದ್ದು.

ನಾವು ಮಾಡಬೇಕಾದುದು

ಕೈಗೆ ಆಳವಾದ ಗಾಯವಾದರೆ ಶುದ್ಧ ನೀರಿನಲ್ಲಿ ತೊಳೆದು, ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಬೇಕು. ಕಾಫಿ ಪುಡಿ, ಅರಿಶಿನ, ಸುಣ್ಣಗಳನ್ನು ತುಂಬಬಾರದು. ಅವನ್ನೆಲ್ಲ ಕೆರೆದು ತೆಗೆದ ಮೇಲೆಯೇ ವೈದ್ಯರು ನರವನ್ನು ಹುಡುಕಬೇಕಾಗುತ್ತದೆ.

ಆಮೇಲೆ ಮೂರು ಕಡೆ ಮುಟ್ಟಿ ನೋಡಬೇಕು: ಕಿರುಬೆರಳ ತುದಿ, ತೋರುಬೆರಳ ತುದಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮುಂಗೈ ಚರ್ಮ. ಕೈಗೆ ಬರುವ ಮೂರು ಮುಖ್ಯ ನರಗಳು ಒಂದೊಂದು ಕಡೆಗೆ ಒಂದೊಂದರಂತೆ ಹೋಗುತ್ತವೆ. ಇನ್ನೊಂದು ಕೈಯಷ್ಟು ಸ್ಪಷ್ಟವಾಗಿ ತಿಳಿಯದಿದ್ದರೆ "ನರ ಕಡಿದಿರಬಹುದು, ನೋಡಿ" ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ನರ ಹೊಲಿಯುವ ಅನುಕೂಲ ಅಲ್ಲಿಲ್ಲದಿದ್ದರೆ, ಇರುವ ದೊಡ್ಡ ಆಸ್ಪತ್ರೆಗೆ ಅದೇ ದಿನ ಅಥವಾ ಕೆಲವೇ ದಿನಗಳೊಳಗೆ ಹೋಗಬೇಕು. ಧನುರ್ವಾಯುವಿನ ಚುಚ್ಚುಮದ್ದನ್ನು ಮರೆಯಬಾರದು.

ಹೊಲಿಗೆಯಾದ ಮೇಲೆ, ವೈದ್ಯರು ಹೇಳಿದ ದಿನದಿಂದ ಬೆರಳುಗಳನ್ನು ಇನ್ನೊಂದು ಕೈಯಿಂದ ಮಡಚಿ ಬಿಡಿಸುತ್ತಿರಬೇಕು. ನರ ಬರುವಷ್ಟರಲ್ಲಿ ಗೆಣ್ಣುಗಳು ಸೆಟೆದಿದ್ದರೆ ಬಂದ ನರಕ್ಕೆ ಮಾಡುವ ಕೆಲಸವಿರುವುದಿಲ್ಲ. ಸ್ಪರ್ಶವಿಲ್ಲದ ಕೈಯನ್ನು ಅಡಿಕೆ ಬೇಯಿಸುವ ಹಂಡೆಯ ಹತ್ತಿರ, ಒಲೆಯ ಹತ್ತಿರ, ಬಿಸಿ ಲೋಟದ ಮೇಲೆ ಇಡಬಾರದು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರು ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಒಂದು ಸಂಗತಿಯನ್ನು ಮನಗಂಡರು. ಆ ರೋಗಿಗಳ ಬೆರಳುಗಳು ರೋಗದಿಂದ ತಾವಾಗಿ ಉದುರುತ್ತಿರಲಿಲ್ಲ. ರೋಗ ನರವನ್ನು ಕೆಡಿಸಿದ್ದರಿಂದ ನೋವು ತಿಳಿಯದೆ, ಸುಟ್ಟು, ಗಾಯವಾಗಿ, ಕೀವಾಗಿ ಸವೆಯುತ್ತಿದ್ದವು. ನೋವೂ ಒಂದು ಕಾವಲು. ಅದು ಇಲ್ಲದಿರುವಷ್ಟು ದಿನ ಕಣ್ಣೇ ಕಾವಲಾಗಬೇಕು.

ಕೊನೆಯದಾಗಿ ತೋಟದ ಯಜಮಾನರಿಗೆ ಒಂದು ಮಾತು. ಹೊಲಿಗೆ ಬಿಚ್ಚಿದ ದಿನ ಕೂಲಿಯವನ ಚರ್ಮ ಮಾಗಿರುತ್ತದೆಯೇ ಹೊರತು ಕೈ ಬಂದಿರುವುದಿಲ್ಲ. ನರ ಬೆರಳು ಮುಟ್ಟಲು ಏಳು ತಿಂಗಳು ಬೇಕಾದಲ್ಲಿ ಅವನನ್ನು ಹದಿನೈದನೇ ದಿನ ಮೆಟ್ಟುಗತ್ತಿಯ ಮುಂದೆ ಕೂರಿಸಿದರೆ ಎರಡನೇ ಗಾಯವನ್ನು ನಾವೇ ಕರೆದಂತೆ. ಆ ಅವಧಿಗೆ ಹರಿತವಿಲ್ಲದ, ಬಿಸಿಯಿಲ್ಲದ ಕೆಲಸ ಕೊಡಬಹುದು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿಬರಲು ರಜೆ ಮತ್ತು ಬಸ್ ಚಾರ್ಜು ಕೊಡಬಹುದು. ಒಂದು ಅಡಿಕೆ ಸಸಿಯ ಫಲ ಕಾಣಲು ಐದಾರು ವರ್ಷ ಕಾಯುವ ತಾಳ್ಮೆ ನಮಗಿದೆ. ಒಬ್ಬ ದುಡಿಯುವವನ ಕೈಗಾಗಿ ಒಂದು ವರ್ಷ ಕಾಯುವುದು ದೊಡ್ಡದಲ್ಲ.